ಕತ್ತರಿಗೆ ಮುನ್ನ ಒಂದು ನಿಮಿಷ

1995ರಲ್ಲಿ ಅಮೆರಿಕದ ಟ್ಯಾಂಪಾದಲ್ಲಿ ವೈದ್ಯರು ಮಧುಮೇಹಿಯೊಬ್ಬರ ಕಾಲು ಕತ್ತರಿಸಿದರು. ತೆಗೆಯಬೇಕಿದ್ದದ್ದು ಇನ್ನೊಂದು ಕಾಲು!

ಇಂಥ ಪ್ರಮಾದ ತಡೆಯಲು, ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಲ್ಲಿನ ಜಾಯಿಂಟ್ ಕಮಿಷನ್ 2004ರಲ್ಲಿ ಮೂರು ಹೆಜ್ಜೆಗಳನ್ನು ಕಡ್ಡಾಯ ಮಾಡಿತು. ಮೊದಲು ದಾಖಲೆಗಳ, ರೋಗಿಯ ಹೆಸರಿನ ಪರಿಶೀಲನೆ. ಆಗ ‘ನೀವು ರಾಮಣ್ಣನೋರಾ?’ ಎಂದು ಕೇಳಿದರೆ ಮಂಪರಿನಲ್ಲಿರುವವರು ಯಾರಾದರೂ ‘ಹೂಂ’ ಎಂದುಬಿಟ್ಟಾರು, ‘ನಿಮ್ಮ ಹೆಸರೇನು?’ ಎಂದೇ ಕೇಳುವುದು ಕ್ಷೇಮ. ಆಮೇಲೆ ಕೊಯ್ಯುವ ಜಾಗದಲ್ಲಿ, ಔಷಧ ಬಳಿದರೂ ಅಳಿಸದ ಮಾರ್ಕರ್ ಗುರುತು. ಕೊನೆಗೆ ‘ಟೈಮ್‌ಔಟ್’: ಎಲ್ಲರ ಕೈಯೂ ನಿಲ್ಲಬೇಕು. ರೋಗಿ ಯಾರು, ಯಾವ ಆಪರೇಷನ್, ಎಡವೋ ಬಲವೋ ಎಂದು ಗಟ್ಟಿಯಾಗಿ ಹೇಳಿ ಇಡೀ ತಂಡ ಒಪ್ಪಬೇಕು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸುರಕ್ಷಿತ ಶಸ್ತ್ರಚಿಕಿತ್ಸೆಗೆ 19 ಅಂಶಗಳ ತಪಾಸಣಾ ಪಟ್ಟಿ ತಂದಿತು. ದೆಹಲಿ ಸೇರಿ 8 ನಗರಗಳ ಆಸ್ಪತ್ರೆಗಳು ಅದನ್ನು ಬಳಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು.