ಬ್ಲಾಗ್ ಗಳಿಕೆ: ಅಭಿಮಾನದ ಕ್ಲಿಕ್ ಬೇಡ

ಮುಂಬಯಿ: ಕನ್ನಡ ಸಂಘಗಳ ಸಾಹಿತ್ಯಾಸಕ್ತ ಸದಸ್ಯರಲ್ಲಿ ಸ್ವಂತ ಬ್ಲಾಗ್ ಬರೆಯುವವರಿದ್ದಾರೆ. ಬರಹದ ಜತೆ ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ಹಾಕಿಸಿಕೊಂಡರೆ ನಾಲ್ಕು ಕಾಸು ಬರುವುದುಂಟು. ಆದರೆ ‘ನಮ್ಮವರಲ್ಲವೇ’ ಎಂದು ಸಂಘದ ಬಂಧುಗಳು ಆ ಜಾಹೀರಾತನ್ನು ಮತ್ತೆ ಮತ್ತೆ ಒತ್ತಿದರೆ ಉಪಕಾರಕ್ಕೆ ಬದಲು ಅಪಕಾರವಾಗುತ್ತದೆ. ಇಂಥ ಕ್ಲಿಕ್ಕುಗಳನ್ನು ಅಮಾನ್ಯವೆಂದು ಎಣಿಸಿ ಹಣ ಕಡಿತ ಮಾಡಲಾಗುತ್ತದೆ, ಖಾತೆಯನ್ನೇ ಮುಚ್ಚಲೂಬಹುದು. ಬರೆದವರು ತಾವೇ ಒತ್ತುವುದೂ ನಿಷಿದ್ಧ. ನೆರವಾಗಬೇಕೆಂದಿರುವವರು ಬರಹವನ್ನು ಓದಿ, ಆಸಕ್ತಿಯಿರುವ ಇನ್ನಿಬ್ಬರಿಗೆ ಕಳುಹಿಸಿದರೆ ಸಾಕು.

ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸದ ಖಾತ್ರಿಗಾಗಿ ಪಿನ್ ಸಂಖ್ಯೆಯ ಕಾಗದ ಅಂಚೆಯಲ್ಲಿ ಬರುತ್ತದೆ. ಚಾಳಿನ ಖೋಲಿ ನಂಬರ್ ತಪ್ಪಿದರೆ ಅದು ಯಾರ ಮನೆ ಸೇರುವುದೋ! 4 ತಿಂಗಳೊಳಗೆ ಪಿನ್ ನಮೂದಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ಹಣ ಕೈಸೇರುವುದು 100 ಡಾಲರ್ ಆದ ಮೇಲೆಯೇ. ಹೆಸರು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ ಇರಬೇಕು. ಊರಿನಲ್ಲಿ ಕರೆಯುವ ಹೆಸರು, ಕಾವ್ಯನಾಮ ನಡೆಯದು.

ಎಷ್ಟು ಮಂದಿ, ಯಾವ ಊರಿನಿಂದ ಓದಿದರೆಂಬ ಲೆಕ್ಕವನ್ನು ಗೂಗಲ್ ಅನಲಿಟಿಕ್ಸ್ ಪುಕ್ಕಟೆಯಾಗಿ ಕೊಡುತ್ತದೆ. ಅದರ ಹಳೆಯ ಆವೃತ್ತಿ 2023ರ ಜುಲೈಯಲ್ಲಿ ಲೆಕ್ಕವಿಡುವುದನ್ನು ನಿಲ್ಲಿಸಿದ್ದರಿಂದ, ಮೊದಲೇ ಜೋಡಿಸಿಕೊಂಡವರು ಹೊಸದಕ್ಕೆ ಬದಲಾಗಿದೆಯೇ ಎಂದು ನೋಡಿಕೊಳ್ಳುವುದು ಒಳಿತು.