ಸವಾರಿ ಕುದುರೆಗೆ ತಕ್ಕ ಕಡಿವಾಣ

ಸವಾರಿಯ ಪಂದ್ಯಗಳಿಗಾಗಿ ಸಾಕಿದ ಕುದುರೆಯು ಓಟದ ಆವೇಶದಲ್ಲಿ ಸವಾರನ ಅಂಕೆಯನ್ನು ಮೀರಿ ಲಗಾಮನ್ನು ಜಗ್ಗಿಕೊಂಡು ಹೋಗುವುದುಂಟು. ಆಗ ಅನೇಕ ಯಜಮಾನರು ಇದ್ದುದಕ್ಕಿಂತ ಬಿರುಸಾದ ಕಡಿವಾಣವನ್ನು ತಂದು ಹಾಕಿಸುವರು. ಕೆಲವು ದಿನ ಕುದುರೆಯು ತಗ್ಗಿದಂತೆ ತೋರಬಹುದು. ಆದರೆ ಅನಂತರ ಮೊದಲಿಗಿಂತಲೂ ಹೆಚ್ಚಾಗಿ ಜಗ್ಗತೊಡಗುವುದು. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಅಪಾಯವನ್ನು ಕಂಡರೆ ಓಡಿ ಪಾರಾಗುವುದು ಕುದುರೆಯ ಹುಟ್ಟುಗುಣ. ಬಾಯಿ ನೊಂದಾಗಲೂ ಅದಕ್ಕೆ ತಿಳಿದ ಉಪಾಯವು ಅದೊಂದೇ. ನಾಲ್ಕೈದು ನೂರು ಕಿಲೋಗ್ರಾಂ ತೂಕದ ಪ್ರಾಣಿಯನ್ನು ಬರಿಯ ತೋಳ್ಬಲದಿಂದ ತಡೆದು ನಿಲ್ಲಿಸುವುದು ಯಾವ ಸವಾರನಿಂದಲೂ ಆಗತಕ್ಕ ಕೆಲಸವಲ್ಲ.

ಕಡಿವಾಣವು ಬಾಯಲ್ಲಿ ಎಲ್ಲಿ ನಿಲ್ಲುವುದೆಂಬುದನ್ನು ಮೊದಲು ತಿಳಿಯತಕ್ಕದ್ದು. ಕುದುರೆಯ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಎಡೆಯಿರುವುದು. ಕಡಿವಾಣದ ಸರಳು ನಾಲಗೆಯ ಮೇಲೂ ಈ ಎಡೆಯ ಮೇಲೂ ಒತ್ತುವುದು. ಅಲ್ಲಿ ಎಲುಬನ್ನು ಹೊದೆದಿರುವುದು ತೆಳುವಾದ ವಸಡು ಮಾತ್ರ. ಬಿರುಸಾಗಿ ಎಳೆದರೆ ವಸಡು ಜಜ್ಜಿ ಹುಣ್ಣಾಗುವುದಲ್ಲದೆ ಎಲುಬಿಗೂ ಪೆಟ್ಟು ತಗಲುವುದು.

ಕಡಿವಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸವಾರರು ಸ್ನ್ಯಾಫಲ್ ಎಂದು ಕರೆಯುವ ಬಳೆಯ ಕಡಿವಾಣದಲ್ಲಿ ಲಗಾಮು ನೇರವಾಗಿ ಸರಳಿನ ಕೊನೆಯ ಬಳೆಗಳಿಗೆ ಸೇರಿರುವುದು. ಕೈ ಎಳೆದಷ್ಟೇ ಬಾಯಿಗೆ ತಾಕುವುದು. ಕರ್ಬ್ ಎಂಬ ಎರಡನೆಯ ಬಗೆಯಲ್ಲಿ ಸರಳಿನ ಇಕ್ಕೆಲಗಳಲ್ಲಿ ಉದ್ದನೆಯ ತೋಳುಗಳೂ ಗದ್ದದ ಕೆಳಗೆ ಸರಪಳಿಯೂ ಇರುವುವು. ಇದು ಸನ್ನೆಗೋಲಿನಂತೆ ಕೆಲಸ ಮಾಡುವುದು. ತೋಳಿನ ಮೇಲ್ಭಾಗ ೨ ಅಂಗುಲ, ಕೆಳಭಾಗ ೪ ಅಂಗುಲವಿದ್ದರೆ, ಕೈಯಿಂದ ೧ ಕಿಲೋಗ್ರಾಂ ಎಳೆದಾಗ ಸರಪಳಿಯಲ್ಲಿ ಸುಮಾರು ೨, ಬಾಯಲ್ಲಿ ಸುಮಾರು ೩ ಕಿಲೋಗ್ರಾಂ ಒತ್ತಡ ಬೀಳುವುದು. ಡ್ರೆಸ್ಸಾಜ್ ಎಂಬ ನಡೆಯ ಪಂದ್ಯದ ಮೇಲ್ದರ್ಜೆಗಳಲ್ಲಿ ಇವೆರಡನ್ನೂ ಒಟ್ಟಿಗೆ ಹಾಕುವ ವಾಡಿಕೆಯುಂಟು. ಆದರೆ ಎರಡು ಜೊತೆ ಲಗಾಮುಗಳನ್ನು ಬೇರೆ ಬೇರೆಯಾಗಿ ನಡೆಸಬಲ್ಲ ನುರಿತ ಕೈಗೆ ಮಾತ್ರ ಅದು ಸಲ್ಲುವುದು. ಎಳೆಯ ಕುದುರೆಗೂ ಕಲಿಯುವ ಸವಾರನಿಗೂ ಬಳೆಯ ಕಡಿವಾಣವೇ ಯೋಗ್ಯವಾದುದು.

ಅಳತೆಯ ವಿಷಯದಲ್ಲಿ ಅಲಕ್ಷ್ಯ ಕೂಡದು. ನುಣುಪಾದ ಕಡ್ಡಿಯೊಂದನ್ನು ಬಾಯಿಗೆ ಅಡ್ಡಲಾಗಿಟ್ಟು ಎರಡು ತುಟಿಗಳ ಅಂಚನ್ನೂ ಗುರುತು ಮಾಡಿಕೊಳ್ಳಬೇಕು. ಕಡಿವಾಣವು ಪ್ರತಿಯೊಂದು ಪಕ್ಕದಲ್ಲಿಯೂ ಸುಮಾರು ೫ ಮಿಲಿಮೀಟರ್ ಹೊರಗಿರುವಂತೆ ಆರಿಸಬೇಕು. ಕಿರಿದಾದರೆ ತುಟಿ ಹಿಸುಕುವುದು. ಅಗಲವಾದರೆ ಅತ್ತಿತ್ತ ಜಾರುವುದು. ದಪ್ಪ ಸರಳು ಒತ್ತಡವನ್ನು ಹರಡುವುದು ನಿಜ. ಆದರೆ ಚಿಕ್ಕ ಬಾಯಿಯೂ ತೋರ ನಾಲಗೆಯೂ ಇರುವ ಕುದುರೆಗೆ ಅದು ಬಾಯಲ್ಲಿ ಎಡೆಗೊಡದು. ಮೂಗುಪಟ್ಟಿಯ ಕೆಳಗೆ, ಮೂಗಿನ ಎಲುಬಿನ ಮೇಲೆ, ಎರಡು ಬೆರಳು ಸಲೀಸಾಗಿ ಆಡುವಂತಿರಬೇಕು. ಬಾಯಿ ತೆರೆಯದಂತೆ ಪಟ್ಟಿಯನ್ನು ಬಿಗಿದರೆ ನೋವು ಮರೆಯಾಗುವುದೇ ಹೊರತು ಹೋಗುವುದಿಲ್ಲ.

ಜಗ್ಗುವ ಕುದುರೆಯ ಕಡಿವಾಣವನ್ನು ಬದಲಿಸುವ ಮೊದಲು ಪಶುವೈದ್ಯರಿಂದ ಹಲ್ಲುಗಳನ್ನು ನೋಡಿಸತಕ್ಕದ್ದು. ದವಡೆಹಲ್ಲುಗಳ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತಿರಬಹುದು. ಮೇಲಿನ ದವಡೆಹಲ್ಲಿನ ಮುಂದೆ ಕೆಲವು ಕುದುರೆಗಳಿಗಿರುವ ಚಿಕ್ಕ ಹಲ್ಲಿಗೆ ಸರಳು ತಗಲುತ್ತಿರಬಹುದು. ಜೀನು ಬೆನ್ನನ್ನು ಒತ್ತುತ್ತಿರುವುದೋ, ಕೆಲಸಕ್ಕೆ ಮೀರಿ ಕಾಳು ತಿನ್ನಿಸುತ್ತಿರುವರೋ, ಸವಾರನು ತನ್ನ ತೂಕವನ್ನು ಲಗಾಮಿನ ಮೇಲೆ ಬಿಡುವನೋ ಎಂಬುದನ್ನೂ ವಿಚಾರಿಸಬೇಕು. ಇವುಗಳಲ್ಲಿ ಯಾವ ದೋಷವೂ ಹೊಸ ಕಡಿವಾಣದಿಂದ ನೀಗತಕ್ಕುದಲ್ಲ.

ಮುಳ್ಳುಳ್ಳ ಕಡಿವಾಣವನ್ನಂತೂ ಸರ್ವಥಾ ಬಿಡತಕ್ಕದ್ದು. ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಹಿಂಸೆಯನ್ನು ತಡೆಯಲು ಭಾರತ ಸರ್ಕಾರವು ೧೯೬೫ರಲ್ಲಿ ಮಾಡಿದ ನಿಯಮಗಳು ಅದನ್ನು ನಿಷೇಧಿಸಿವೆ. ಎತ್ತಿಗೂ ಜಟಕಾ ಕುದುರೆಗೂ ಕೂಡದೆಂದು ಸಾರಿದ ಸಾಧನವು ಸವಾರಿ ಕುದುರೆಯ ಬಾಯಿಗೆ ಹಿತವಾದೀತೆ? ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವಾರೋಹಣದ ಮೇಲೆ ಗ್ರಂಥ ಬರೆದ ಗ್ರೀಸಿನ ಕ್ಸೆನೋಫನ್ ಎಂಬಾತನು ನಯವಾದುದೊಂದು, ಒರಟಾದುದೊಂದು, ಹೀಗೆ ಎರಡು ಕಡಿವಾಣಗಳನ್ನು ಹೇಳಿರುವನು. ಒರಟಾದುದನ್ನು ಒಪ್ಪಿಕೊಂಡಿದ್ದ ಆತನೂ ಕುದುರೆಯ ಬಾಯನ್ನು ಬಿರುಸಾಗಿ ಎಳೆಯಬಾರದೆಂದು ಎಚ್ಚರಿಸಿದ್ದಾನೆ.

ಸಾರಾಂಶವಿಷ್ಟೆ. ಕುದುರೆಯು ಮಾತು ಕೇಳುವ ಕಡಿವಾಣಗಳಲ್ಲಿ ಅತ್ಯಂತ ಮೃದುವಾದುದನ್ನೇ ಆರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ದಿನ ಬಯಲಿನಲ್ಲಿ ನಿಧಾನವಾಗಿ ನಡೆಸಿ ನೋಡಬೇಕು. ಸವಾರಿ ಮುಗಿದ ಮೇಲೆ ಪ್ರತಿದಿನವೂ ತುಟಿಯ ಮೂಲೆ, ನಾಲಗೆ, ವಸಡುಗಳನ್ನು ಪರೀಕ್ಷಿಸಬೇಕು. ಅಲ್ಲಿ ಗಾಯ ಕಂಡರೆ ಅದು ಮಾಯುವವರೆಗೆ ಬಾಯಿಗೆ ಕಬ್ಬಿಣವನ್ನು ತೋರಿಸಬಾರದು. ನೋವಿಗಂಜಿ ನಿಂತ ಕುದುರೆಯು ಒಂದು ದಿನ ನೋವಿಗಂಜಿಯೇ ಓಡೀತು. ಕಲಿತು ನಿಂತ ಕುದುರೆಯು ಸವಾರನನ್ನು ಕ್ಷೇಮವಾಗಿ ಮನೆಗೆ ತರುವುದು.