ಬೆಳಕಿನ ಚಿಕಿತ್ಸೆಯ ನಂತರ ಕ್ಯಾನ್ಸರ್ ಗಡ್ಡೆ ದೊಡ್ಡದಾಗಿ ಕಂಡರೆ ಚಿಕಿತ್ಸೆ ಸೋತಿತು ಎಂದೇ?

ಕ್ಯಾನ್ಸರ್ ಚಿಕಿತ್ಸೆಯ ನಂತರ ಸ್ಕ್ಯಾನ್ ವರದಿ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಒಂದೇ ಕಡೆ: ಗಡ್ಡೆ ಎಷ್ಟು ಸೆಂಟಿಮೀಟರ್ ಇದೆ? ಚಿಕ್ಕದಾಗಿದ್ದರೆ ಸಮಾಧಾನ, ದೊಡ್ಡದಾಗಿದ್ದರೆ ಗಾಬರಿ. ಆದರೆ ಬೆಳಕಿನ ಚಿಕಿತ್ಸೆಯಾದ ಹೊಸದರಲ್ಲಿ ಈ ಅಳತೆ ನಮ್ಮನ್ನು ದಾರಿ ತಪ್ಪಿಸಬಹುದು.

ಏನಿದು ಬೆಳಕಿನ ಚಿಕಿತ್ಸೆ?

ಇದನ್ನು ಫೋಟೋಡೈನಮಿಕ್ ಥೆರಪಿ ಎನ್ನುತ್ತಾರೆ. ಬೆಳಕಿಗೆ ಸ್ಪಂದಿಸುವ ಔಷಧವನ್ನು ಮೊದಲು ಕೊಟ್ಟು, ನಂತರ ಗಡ್ಡೆಯ ಮೇಲೆ ನಿರ್ದಿಷ್ಟ ಬಣ್ಣದ ಬೆಳಕು ಹಾಯಿಸುತ್ತಾರೆ. ಆಗ ಔಷಧವು ಅಲ್ಲಿನ ಆಮ್ಲಜನಕವನ್ನು ಕೋಶಗಳನ್ನು ಕೊಲ್ಲಬಲ್ಲ ರೂಪಕ್ಕೆ ಬದಲಿಸುತ್ತದೆ. ಗಡ್ಡೆಗೆ ರಕ್ತ ಒದಗಿಸುವ ನಾಳಗಳೂ ಮುಚ್ಚಿಹೋಗಬಹುದು. ಅಮೆರಿಕದ ಎಫ್‌ಡಿಎ 1995ರಲ್ಲಿ ಅನ್ನನಾಳದ ಕ್ಯಾನ್ಸರ್‌ಗಾಗಿ ಫೋಟೋಫ್ರಿನ್ ಎಂಬ ಇಂಥ ಔಷಧಕ್ಕೆ ಅನುಮತಿ ನೀಡಿತು. ಅದಕ್ಕೆ ಬಳಸುವುದು 630 ನ್ಯಾನೊಮೀಟರ್‌ನ ಕೆಂಪು ಬೆಳಕು.

ಗಾತ್ರ ಏಕೆ ಮೋಸ ಮಾಡುತ್ತದೆ?

ಕೋಶಗಳು ಸತ್ತ ತಕ್ಷಣ ಮಾಯವಾಗುವುದಿಲ್ಲ. ದೇಹ ಅವನ್ನು ತೆರವು ಮಾಡಲು ಸಮಯ ಬೇಕು. ಈ ನಡುವೆ ಆ ಜಾಗದಲ್ಲಿ ಉರಿಯೂತವಾಗಿ ನೀರು ತುಂಬಿ ಊದಿಕೊಳ್ಳುತ್ತದೆ. ಬೇರು ಸತ್ತ ಮರವೂ ಕೆಲಕಾಲ ನಿಂತೇ ಇರುತ್ತದೆ. ಅದರ ಸುತ್ತಳತೆ ನೋಡಿ ಜೀವ ಇದೆಯೇ ಎಂದು ಹೇಳಲಾಗದು.

ಘನ ಗಡ್ಡೆಗಳ ಚಿಕಿತ್ಸೆ ಅಳೆಯಲು ವೈದ್ಯರು ಬಳಸುವ ರೆಸಿಸ್ಟ್ ಎಂಬ ಮಾನದಂಡದಲ್ಲಿ, ಗಡ್ಡೆಗಳ ಅಳತೆಯ ಮೊತ್ತ ಕನಿಷ್ಠ ಶೇ. 30ರಷ್ಟು ಕುಗ್ಗಿದರೆ ಭಾಗಶಃ ಸ್ಪಂದನೆ ಎಂದರ್ಥ. ಊತ ಇಳಿಯುವ ಮೊದಲೇ ಈ ಅಳತೆಗೋಲು ಹಿಡಿದರೆ ಉತ್ತರ ತಪ್ಪಾಗಬಹುದು.

ಹಾಗಾದರೆ ಸ್ಕ್ಯಾನ್‌ನಲ್ಲಿ ಏನು ನೋಡಬೇಕು?

ರಕ್ತದ ಹರಿವು: ಕಾಂಟ್ರಾಸ್ಟ್ ಎಂಆರ್‌ಐನಲ್ಲಿ ರಕ್ತ ಹರಿಯುವ ಭಾಗ ಬೆಳಗುತ್ತದೆ, ಹರಿವು ನಿಂತ ಭಾಗ ಕಪ್ಪಾಗಿ ಕಾಣುತ್ತದೆ. ಯುರೋಪಿನಲ್ಲಿ 2017ರಲ್ಲಿ ಅನುಮತಿ ಪಡೆದ ಟೂಕಾಡ್ ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಔಷಧದ ಅಧ್ಯಯನಗಳಲ್ಲಿ, ಚಿಕಿತ್ಸೆಯಾದ ಸುಮಾರು ಒಂದು ವಾರಕ್ಕೆ ಎಂಆರ್‌ಐ ಮಾಡಿ ಈ ಕಪ್ಪು ಭಾಗ ಎಷ್ಟಿದೆ ಎಂದು ನೋಡಿದರು.

ನೀರಿನ ಚಲನೆ: ಒತ್ತೊತ್ತಾಗಿರುವ ಜೀವಂತ ಕೋಶಗಳ ನಡುವೆ ನೀರಿನ ಅಣುಗಳು ಸುಲಭವಾಗಿ ಚಲಿಸಲಾರವು. ಕೋಶಗಳು ಒಡೆದಾಗ ಚಲನೆ ಹೆಚ್ಚುತ್ತದೆ. ಡಿಫ್ಯೂಷನ್ ಎಂಆರ್‌ಐ ಇದನ್ನು ತೋರಿಸುತ್ತದೆ.

ಸಕ್ಕರೆಯ ಬಳಕೆ: ಅನೇಕ ಕ್ಯಾನ್ಸರ್ ಕೋಶಗಳು ಹೆಚ್ಚು ಗ್ಲೂಕೋಸ್ ಹೀರುವುದರಿಂದ ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯುತ್ತವೆ. ಆದರೆ ಉರಿಯೂತದ ಕೋಶಗಳೂ ಗ್ಲೂಕೋಸ್ ಹೀರುತ್ತವೆ. ಹಾಗಾಗಿ ತೀರಾ ಬೇಗ ಮಾಡಿದ ಪೆಟ್ ಸ್ಕ್ಯಾನ್ ಸುಳ್ಳು ಗಾಬರಿ ಹುಟ್ಟಿಸಬಹುದು.

ಹಾಗೆಂದು ಗಾತ್ರ ಮುಖ್ಯವಲ್ಲವೇ?

ಮುಖ್ಯವೇ. ಫೋಟೋಫ್ರಿನ್‌ಗೆ ಬಳಸುವ ಕೆಂಪು ಬೆಳಕು ಅಂಗಾಂಶದೊಳಗೆ ಸುಮಾರು 1 ಸೆಂಟಿಮೀಟರ್‌ವರೆಗೆ ಮಾತ್ರ ಪರಿಣಾಮ ಬೀರುತ್ತದೆ. ಅದರಾಚೆಯ ಕೋಶಗಳು ಬದುಕುಳಿಯಬಹುದು. ಊತ ಇಳಿಯಬೇಕಾದ ಕಾಲ ಕಳೆದ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ, ಹೊಸ ಗಡ್ಡೆ ಕಂಡರೆ, ಅದನ್ನು "ಬರೀ ಊತ" ಎಂದು ತಳ್ಳಿಹಾಕುವಂತಿಲ್ಲ. ಬೆರಳೆಣಿಕೆಯ ಕೋಶಗಳು ಯಾವ ಸ್ಕ್ಯಾನ್‌ಗೂ ಕಾಣುವುದಿಲ್ಲ. ಅನುಮಾನವಿದ್ದಲ್ಲಿ ಎಂಡೋಸ್ಕೋಪಿ, ಬಯಾಪ್ಸಿ ಬೇಕಾಗುತ್ತದೆ.

ಆದ್ದರಿಂದ ವರದಿ ಹಿಡಿದು ವೈದ್ಯರನ್ನು ಕಾಣುವಾಗ "ಎಷ್ಟು ದೊಡ್ಡದಿದೆ?" ಎಂದಷ್ಟೇ ಕೇಳಬೇಡಿ. "ಒಳಗೆ ಜೀವಂತ ಭಾಗ ಉಳಿದಿದೆಯೇ? ಈ ಸ್ಕ್ಯಾನ್ ಮಾಡಲು ಇದು ಸರಿಯಾದ ಸಮಯವೇ? ಚಿಕಿತ್ಸೆಗೆ ಮೊದಲಿನ ಸ್ಕ್ಯಾನ್ ಜತೆ ಹೋಲಿಸಿದ್ದೀರಾ?" ಎಂದೂ ಕೇಳಿ.